ಅವ್ವ ಸಾಗರ ವಿಹಾರದಲ್ಲಿ ಉಳಿದದ್ದು

ಸಾಗರ ವಿಹಾರ, ಭಟ್ಕಳದ ಹತ್ತಿರ
19 ಜನವರಿ 1983

ಮಂಜು,

ನಿನ್ನ ಅವ್ವ ಬರೀತಿರೋದು ಕಣೇ. ಗಾಬರಿಯಾಗಬೇಡ, ಚೆನ್ನಾಗಿದೀನಿ. ಅಮೃತೂರಿಂದ ನನ್ನ ಜೊತೆ ಯಾತ್ರೆಗೆ ಬಂದೋರೆಲ್ಲ ಇಷ್ಟೊತ್ತಿಗೆ ಊರು ಸೇರಿರ್ತಾರೆ. ನಾನೊಬ್ಬಳು ಬಸ್ಸಿಂದ ಇಳೀಲಿಲ್ಲ ಅಂತ ನಿಮ್ಮಣ್ಣ ರಾಮಾಂಜಿ ತುಮಕೂರಿಗೆ ನಿನ್ನ ಹತ್ರ ಓಡಿ ಬಂದಿರ್ತಾನೆ. ಅವನಿಗೂ ಒಂದು ಕಾರ್ಡು ಹಾಕಿದೀನಿ. ಅವನು ಎರಡು ಸಾಲು ಓದಿ ಸಿಟ್ಟು ಮಾಡ್ಕೋತಾನೆ. ನೀನು ಪೂರ್ತಿ ಓದ್ತೀಯ ಅಂತ ನಿನಗೆ ಉದ್ದಕ್ಕೆ ಬರೀತಿದೀನಿ.

ಗೋಕರ್ಣ ಮುಗಿಸ್ಕೊಂಡು ಕೊಲ್ಲೂರಿಗೆ ಹೋಗೋವಾಗ ಭಟ್ಕಳ ದಾಟ್ತಿದ್ದ ಹಾಗೇ ನಮ್ಮ ಬಸ್ಸಿನ ಆಕ್ಸಲ್ ಮುರೀತು. ಸಾಮಾನು ತರೋಕೆ ಮಂಗಳೂರಿಗೇ ಹೋಗಬೇಕು ಅಂದ ಡ್ರೈವರ್ರು. ಸುತ್ತ ಎಲ್ಲೂ ಛತ್ರ ಇಲ್ಲ. ರಸ್ತೆ ಪಕ್ಕ 'ಸಾಗರ ವಿಹಾರ' ಅಂತ ಒಂದು ಬೋರ್ಡು, ಅದರಲ್ಲೂ ಅರ್ಧ ಬಣ್ಣ ಉದುರಿತ್ತು. ತೆಂಗಿನ ತೋಪಿನ ಒಳಗೆ ನಡ್ಕೊಂಡು ಹೋದರೆ ಉದ್ದಕ್ಕೆ ಒಂದು ಹಳೇ ಹೆಂಚಿನ ಕಟ್ಟಡ, ಮುಂದೆ ಜಗಲಿ. ತೋಪು ಮುಗಿದ ಕಡೆ ಸಮುದ್ರ. ಗೋಕರ್ಣದಲ್ಲೂ ನೋಡಿದ್ದೆ ಬುಡು, ಅಲ್ಲಿ ಮುಳುಗಿ ಏಳೋ ಗಡಿಬಿಡಿ, ಸೀರೆ ಕಾಯೋ ಗಡಿಬಿಡಿ. ಇಲ್ಲಿ ಯಾರೂ ಇರಲಿಲ್ಲ. ನಾನು ನಿಂತಿದ್ದೆ, ಅದು ಬರ್ತಾ ಇತ್ತು.

ಈ ಜಾಗದ ಯಜಮಾನಿ ಒಬ್ಬ ವಯಸ್ಸಾದ ಹೆಂಗಸು, ಕಾಲು ಊದ್ಕೊಂಡು ಕುರ್ಚಿ ಮೇಲೆ ಕೂತಿದ್ರು. "ಊಟಕ್ಕೆ ಏನೂ ಇಲ್ಲ, ಅಡುಗೆಯವನು ಹೇಳದೇ ಕೇಳದೇ ಬೊಂಬಾಯಿಗೆ ಹೋದ" ಅಂದ್ರು. ನಾನು "ಇರಲಿ ಬುಡಿ, ಒಲೆ ಎಲ್ಲಿದೆ ತೋರಿಸಿ, ನಾವೇ ಮಾಡ್ಕೋತೀವಿ" ಅಂದೆ. ಆ 'ಬುಡಿ' ಕೇಳಿದ್ದೇ ತಡ ಅವರು ಕುರ್ಚಿ ಬಿಟ್ಟು ಎದ್ರು. "ನೀನು ಯಾವ ಕಡೆಯವಳಮ್ಮ?" ಅಂದ್ರು. ಅವರ ಹೆಸರು ಹೊಂಬಾಳಮ್ಮ, ಹುಟ್ಟೂರು ಗುಬ್ಬಿ. ಗಂಡ ಕಂಟ್ರಾಕ್ಟರ್ ಆಗಿ ಈ ಕಡೆ ಬಂದು ಇದನ್ನ ಕಟ್ಟಿಸಿದ್ರಂತೆ. ಅವರು ತೀರ್ಕೊಂಡ ಮೇಲೆ ಇವರೊಬ್ಬರೇ. ಮಕ್ಕಳಿಲ್ಲ.

ಬಸ್ಸು ರಿಪೇರಿ ಆಯ್ತು. ಎಲ್ಲ ಹತ್ತಿದ್ರು, ನನ್ನ ಬ್ಯಾಗೂ ಮೇಲೆ ಹಾಕಿದ್ರು. ಹೊಂಬಾಳಕ್ಕ ಜಗಲಿ ಕಂಬ ಹಿಡ್ಕೊಂಡು, "ಗಂಗಮ್ಮ, ಅಡುಗೆಯವರು ಸಿಗೋ ತನಕ ಇರ್ತೀಯಾ?" ಅಂದ್ರು. ಇರ್ತೀನಿ ಅಂದ್ಬಿಟ್ಟೆ ಕಣೇ. ಬಾಯಿಂದ ಬಂದಮೇಲೆ ನನಗೇ ಗೊತ್ತಾಗಿದ್ದು. ಕ್ಲೀನರ್ರು ಬೈಕೊಂಡು ಬ್ಯಾಗ್ ಕೆಳಗೆ ಹಾಕಿದ.

ಇನ್ನೂ ಎದೆ ಡವಡವ ಅಂತಿದೆ. ಹೆದರಿಕೆಗೆ ಅಂದ್ಕೊಂಡಿದ್ದೆ. ಹೆದರಿಕೆ ಅಲ್ಲ.

ನಿನ್ನ ಅವ್ವ
ಗಂಗಲಕ್ಷ್ಮಮ್ಮ


ತುಮಕೂರು
28 ಜನವರಿ 1983

ಅವ್ವಾ,

ನಿನ್ನ ಕಾಗದಕ್ಕೆ ಮುಂಚೆ ಅಣ್ಣ ಬಂದ. ಅಂತರಸನಹಳ್ಳಿಯಲ್ಲಿ ನಮ್ಮ ಫ್ಯಾಕ್ಟರಿ ಗೇಟ್ ಹತ್ರ ನಿಂತು ವಾಚ್‌ಮನ್ ಕೈಲಿ ಹೇಳಿ ಕಳಿಸಿದ. ಟೈಪ್ ಮಾಡ್ತಿದ್ದ ಹಾಳೆಯನ್ನ ಮಿಷನ್‌ನಲ್ಲೇ ಬಿಟ್ಟು ಓಡಿದೆ. ಅವನ ಮುಖ ನೋಡಿ ನಿನಗೇನೋ ಆಗಿದೆ ಅಂದ್ಕೊಂಡೆ. "ಅವ್ವ ಯಾವುದೋ ಲಾಡ್ಜಲ್ಲಿ ಅಡುಗೆಗೆ ನಿಂತವಳೆ" ಅಂದ. ನಾನು ನಕ್ಕುಬಿಟ್ಟೆ. ನಿನಗೇನೂ ಆಗಿಲ್ಲವಲ್ಲ ಅನ್ನೋ ಸಮಾಧಾನಕ್ಕೆ ನಕ್ಕಿದ್ದು. ಅವನು ಬೇರೆ ಥರ ತಗೊಂಡ.

"ನಗು. ನೀನು ತುಮಕೂರಲ್ಲಿರ್ತೀಯ. ಊರಲ್ಲಿ ನಾಲ್ಕು ಜನದ ಮುಂದೆ ತಿರುಗಬೇಕಾದವನು ನಾನು. ಅಷ್ಟು ತೆಂಗಿನ ತೋಟ ಇಟ್ಕೊಂಡು ಹೆತ್ತವಳಿಗೆ ಅನ್ನ ಹಾಕಕ್ಕಾಗಲಿಲ್ಲವೇನ್ಲಾ ಅಂತ ಕೇಳ್ತಾರೆ" ಅಂದ. ವನಜತ್ತಿಗೆ ಅಡುಗೆಮನೇಲಿ ಕೂತು ಅಳ್ತಿದಾರಂತೆ, ತಾನೇನಾದ್ರೂ ಅಂದೆನಾ ಅಂತ. ನೀನು ಅವರಿಗೆ ಬೇರೆ ಕಾಗದ ಬರಿ ಅವ್ವ. ಪಾಪ, ಅವರು ಯಾರಿಗೂ ಏನೂ ಅನ್ನೋರಲ್ಲ.

ಇನ್ನೊಂದು ವಿಷಯ. ಶಿವರಾತ್ರಿ ಕಳೆದ ಮೇಲೆ ಗುಬ್ಬಿ ಕಡೆಯವರು ನನ್ನ ನೋಡೋಕೆ ಬರ್ತಾರೆ. ಹುಡುಗ ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲೇ ಬೇರೆ ವರ್ಕ್‌ಶಾಪಲ್ಲಿ ಫಿಟ್ಟರ್. ಬೆಟ್ಟಸ್ವಾಮಿ ಅಂತ ಹೆಸರು. ಅಷ್ಟರೊಳಗೆ ನೀನು ಬರಲೇಬೇಕು ಅಂತ ಅಣ್ಣ ಹೇಳು ಅಂದ, ಹೇಳಿದೀನಿ.

ಈಗ ನಾನು ಕೇಳೋದು. ಅಷ್ಟು ದೊಡ್ಡ ಸದ್ದಲ್ಲಿ ನಿನಗೆ ನಿದ್ದೆ ಹೇಗೆ ಬರುತ್ತೆ? ನೀರು ನಿಜವಾಗಲೂ ನೀಲಿನಾ? ನಮ್ಮ ಆಫೀಸಲ್ಲಿ ಯಾರೂ ನೋಡಿದವರಿಲ್ಲ. ನಮ್ಮವ್ವ ಸಮುದ್ರದ ಪಕ್ಕ ಇದಾಳೆ ಅಂತ ನಾನು ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದೀನಿ. ಇದನ್ನ ಅಣ್ಣನಿಗೆ ಹೇಳಬೇಡ.

ಕಾಯ್ತಿರುವ
ಮಂಜುಳ


ಸಾಗರ ವಿಹಾರ
6 ಫೆಬ್ರವರಿ 1983

ಮಂಜು,

ಬರ್ತೀನಿ. ನಿನ್ನ ನೋಡೋಕೆ ಬರೋ ಹೊತ್ತಿಗೆ ನಾನು ಅಲ್ಲಿರ್ತೀನಿ. ಹೊಂಬಾಳಕ್ಕನಿಗೆ ಹೇಳಿದೀನಿ, ನಾನು ವಾಪಸ್ ಬರೋ ತನಕ ಇಲ್ಲಿ ತೋಟ ನೋಡೋ ಗಂಡ ಹೆಂಡತಿ ಹೆಂಗೋ ಒಲೆ ಹಚ್ತಾರೆ. ವನಜಳಿಗೂ ಬರ್ದಿದೀನಿ. ಆ ಹುಡುಗೀದು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ನಿನಗೆ ಹೇಳ್ತೀನಿ. ಅವಳ ಅಡುಗೆಮನೇಲಿ ನಾನು ಒಗ್ಗರಣೆ ಸೌಟು ಎಲ್ಲಿದೆ ಅಂತ ಕೇಳಬೇಕು. ಅವಳು ಓಡಿ ಬಂದು "ನೀವು ಕೂತ್ಕೊಳ್ಳಿ ಅತ್ತೆ" ಅಂತಾಳೆ. ಒಳ್ಳೇ ಮನಸ್ಸಿಂದಲೇ ಅನ್ನೋದು. ನಾನು ಕೂತ್ಕೋತೀನಿ. ಹಂಗೇ ಕೂತು ಕೂತು ನಾಲ್ಕು ವರ್ಷ ಆಯ್ತು.

ಇಲ್ಲಿ ಮೊದಲನೇ ದಿನ ಹೊಂಬಾಳಕ್ಕ ಕೇಳಿದ್ರು, "ಗಂಗಮ್ಮ, ನಿನಗೆ ಯಾವ ರೂಮು ಬೇಕು?" ಅಂತ. ಹುಟ್ಟಿದ ಮನೇಲಿ ಅಜ್ಜಿ ಪಕ್ಕ ಮಲಗ್ತಿದ್ದೆ, ನಿಮ್ಮಪ್ಪನ ಮನೇಲಿ ನಡುಮನೇಲಿ, ನಿಮ್ಮಪ್ಪ ಹೋದ ಮೇಲೆ ರಾಗಿ ಮೂಟೆ ಇಡೋ ಕೋಣೇಲಿ. ಯಾವುದು ಬೇಕು ಅಂತ ಯಾರೂ ಕೇಳಿದ್ದಿಲ್ಲ. ಎಲ್ಲ ರೂಮೂ ಸುತ್ತಿ ನೋಡಿ ಕೊನೇದನ್ನ ಆರಿಸ್ಕೊಂಡೆ. ಕಿಟಕಿ ತೆಗೆದರೆ ನೀರೇ. ನೀಲಿನಾ ಅಂತ ಕೇಳಿದೀಯ. ಬೆಳಿಗ್ಗೆ ಬೂದಿ ಬಣ್ಣ, ಮಧ್ಯಾಹ್ನ ಹಸಿರು, ಸಂಜೆಗೆ ತಾಮ್ರದ ಹಂಡೆ ಉಜ್ಜಿಟ್ಟ ಹಂಗೆ. ನೀಲಿ ಆಗೋದು ಯಾವಾಗಲೋ ಒಂದೊಂದ್ಸಲ. ನಿದ್ದೆ ಚೆನ್ನಾಗೇ ಬರುತ್ತೆ.

ಜಾಗಕ್ಕೆ ವಯಸ್ಸಾಗಿದೆ ಕಣೇ. ಹಿಂದೆ ಹುಬ್ಬಳ್ಳಿ ಕಡೆ ಸಾಹುಕಾರರು ಸಂಸಾರ ಸಮೇತ ಬಂದು ತಿಂಗಳಾನುಗಟ್ಟಲೆ ಇರ್ತಿದ್ರಂತೆ, ಬಿಳೀ ಜನವೂ ಬರ್ತಿದ್ರಂತೆ. ಈಗ ಅರ್ಧ ರೂಮಿಗೆ ಬೀಗ. ಉಪ್ಪು ಗಾಳಿಗೆ ಕಿಟಕಿ ಸರಳು ಮುಟ್ಟಿದರೆ ಕೈಗೆ ಬರುತ್ತೆ. ಹಾಸಿಗೆ ಎಲ್ಲ ಮುಗ್ಗಲು. ನಾನು ದಿನಾ ಒಂದೊಂದನ್ನ ಬಿಸಿಲಿಗೆ ಹಾಕ್ತಿದೀನಿ.

ನಾನು ಇಲ್ಲಿ ಉಳಿದ ಮೊದಲನೇ ವಾರ ಏನಾಯ್ತು ಗೊತ್ತಾ. ನಮ್ಮ ಕುಣಿಗಲ್ ಕಡೆ ಕೊತ್ತಗೆರೆಯ ಅಡವಿಯಪ್ಪ ಅಂತ ಒಬ್ಬ ಲಾರಿ ಡ್ರೈವರ್ರು ಕುಂದಾಪುರಕ್ಕೆ ಹೆಂಚು ತರೋಕೆ ಹೋಗೋನು ಟೀಗೆ ಅಂತ ನಿಲ್ಲಿಸಿದ. ನಾನು ನನ್ನ ಪಾಡಿಗೆ ಮುದ್ದೆ ಕಟ್ತಿದ್ದೆ. ಅವನು ಬಾಗಿಲಲ್ಲೇ ನಿಂತು ನನ್ನ ಕೈ ನೋಡ್ತಿದ್ದ. ಆಮೇಲೆ "ಅಕ್ಕ, ಅದು ಮುದ್ದೆನಾ?" ಅಂದ. ಹುರುಳಿಕಾಳಿನ ಸಾರು ಹಾಕಿಕೊಟ್ಟೆ. ಊಟ ಮಾಡಿ ಕೈ ತೊಳ್ಕೊಂಡು ಹೋದವನು ದಾರೀಲಿ ಸಿಕ್ಕೋರಿಗೆಲ್ಲ ಹೇಳಿದಾನೆ. ಈಗ ದಿನಾ ಮೂರು ನಾಲ್ಕು ಲಾರಿ ತೋಪಿನ ಹತ್ರ ನಿಲ್ತವೆ. ಎಲ್ಲ ತುಮಕೂರು, ಹಾಸನ, ಮಂಡ್ಯ ಕಡೆಯೋರು. ಹೊಂಬಾಳಕ್ಕ ಕುರ್ಚಿ ಹಾಕ್ಕೊಂಡು ಒಬ್ಬೊಬ್ಬರನ್ನೂ "ನಿಮ್ಮದು ಯಾವೂರು, ಗುಬ್ಬಿಗೆ ಎಷ್ಟು ದೂರ" ಅಂತ ವಿಚಾರಿಸೋದೇ ವಿಚಾರಿಸೋದು.

ನನ್ನ ಹಸಿರು ಸೀರೆ ಇಸ್ತ್ರಿ ಮಾಡಿಸಿ ಇಟ್ಟಿರು.

ಅವ್ವ


ತುಮಕೂರು
14 ಮಾರ್ಚ್ 1983

ಅವ್ವಾ,

ನೀನು ಬಂದ ಹಾಗೇ ಹೊರಟುಹೋದೆ. ಮಾತಾಡೋಕೆ ಹೊತ್ತೇ ಸಿಗಲಿಲ್ಲ. ಬಿಸಿಲಿಗೆ ಕಪ್ಪಗಾಗಿದೀಯ, ಗಾಳಿ ಸದ್ದಿಗೆ ಕೂಗಿ ಮಾತಾಡಿ ದನಿಯೂ ದೊಡ್ಡದಾಗಿದೆ. ಕಾಫಿ ಕೊಡೋವಾಗ ನೀನು "ತಗೊಳ್ಳಿ" ಅಂದಿದ್ದಕ್ಕೆ ಗುಬ್ಬಿಯ ಹಿರಿಯರು ಬೆಚ್ಚಿದ್ದು ನೋಡಿದೆಯಾ?

ಬೆಟ್ಟಸ್ವಾಮಿ ನನ್ನ ಕೇಳಿದ್ದು ಒಂದೇ ಮಾತು. "ಮದುವೆ ಆದಮೇಲೆ ಕೆಲಸ ಬಿಡಬೇಕು ಅಂತಿದೀರಾ?" ಇಲ್ಲ ಅಂದೆ. "ಸರಿ, ನಾನೂ ಬಿಡಲ್ಲ" ಅಂದರು. ಅಷ್ಟೇ. ಒಪ್ಪಿಗೆ ಅಂತ ಹೇಳಿ ಕಳಿಸಿದ್ರು. ಅಣ್ಣ ವೈಶಾಖದಲ್ಲಿ ಮುಗಿಸಿಬಿಡೋಣ ಅಂತ ಕುಣಿಗಲ್‌ನಲ್ಲಿ ಛತ್ರ ವಿಚಾರಿಸೋಕೂ ಹೋಗಿದ್ದ.

ಆಮೇಲೆ ಯಾರೋ ಹುಡುಗನ ತಂದೆ ಚಿಕ್ಕಬೋರಯ್ಯನವರ ಕಿವಿಗೆ ಹಾಕಿದಾರೆ, ಬೀಗಿತ್ತಿ ಮಗನ ಮನೆ ಬಿಟ್ಟು ಲಾಡ್ಜಲ್ಲಿದಾಳೆ ಅಂತ. ಅವರು ಅಣ್ಣನ್ನ ಕರೆಸಿ, "ಮದುವೆಗೆ ಮುಂಚೆ ನಿಮ್ಮ ತಾಯಿ ಮನೆ ಸೇರಬೇಕು, ಮತ್ತೆ ಹೋಗಕೂಡದು. ಆಗಲ್ಲ ಅಂದರೆ ನೀವು ಬೇರೆ ಕಡೆ ನೋಡ್ಕೊಳ್ಳಿ" ಅಂದಿದಾರೆ. ಅಣ್ಣ ಆಗಲಿ ಅಂತ ಮಾತು ಕೊಟ್ಟು ಬಂದಿದಾನೆ. ನಿನ್ನ ಕೇಳದೇ ಕೊಟ್ಟಿದಾನೆ.

ಏಪ್ರಿಲ್‌ನಲ್ಲಿ ರಜೆ ಹಾಕು, ಹೋಗಿ ಕರ್ಕೊಂಡು ಬಾ ಅಂತ ನನಗೆ ಹೇಳಿದಾನೆ. ಬರ್ತೀನಿ.

ಅವ್ವ, ನನಗೆ ಆ ಹುಡುಗ ಹಿಡಿಸಿದಾನೆ. ಯಾರಿಗೂ ಹೇಳಿಲ್ಲ. ನಿನಗೆ ಯಾಕೆ ಹೇಳ್ತಿದೀನಿ ಅಂತ ನಿನಗೆ ಗೊತ್ತಾಗುತ್ತೆ.

ನಿನ್ನ
ಮಂಜುಳ


ಸಾಗರ ವಿಹಾರ
17 ಏಪ್ರಿಲ್ 1983

ಅಣ್ಣಾ,

ಅವ್ವನ್ನ ಕರ್ಕೊಂಡು ಬಾ ಅಂತ ಕಳಿಸಿದೆ. ನಾನು ಒಬ್ಬಳೇ ವಾಪಸ್ ಬರ್ತಿದೀನಿ. ಈ ಕಾಗದ ನನಗಿಂತ ಮುಂಚೆ ನಿನಗೆ ಸಿಗಲಿ ಅಂತ ಈಗಲೇ ಬರೀತಿದೀನಿ. ಸಿಟ್ಟು ಬಂದರೂ ಕೂತು ಪೂರ್ತಿ ಓದು.

ನಾನು ಬಂದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ಗಲಾಟೆ ಕೇಳಿಸ್ತು. ಹೋಗಿ ನೋಡಿದರೆ ಮರಳ ಮೇಲೆ ಐವತ್ತು ಅರವತ್ತು ಜನ ದಪ್ಪ ಹಗ್ಗ ಹಿಡಿದು ಸಮುದ್ರದಿಂದ ಒಂದು ದೊಡ್ಡ ಬಲೆ ಎಳೀತಿದ್ರು. ಆ ಸಾಲಿನ ನಡುವೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ನಮ್ಮವ್ವ. ಹೋ ಅಂತ ಎಲ್ಲರ ಜೊತೆ ಕೂಗ್ತಾ ಎಳೀತಿದ್ಲು. ನನ್ನ ಕಂಡವಳು ಹಗ್ಗ ಬಿಟ್ಟು ಓಡಿ ಬಂದಳು. ಅಣ್ಣ, ಅವ್ವ ಓಡಿದ್ದನ್ನ ನೀನು ಯಾವತ್ತಾದರೂ ನೋಡಿದೀಯಾ? ನಾನು ನೋಡಿರಲಿಲ್ಲ. ಅವಳು ಓಡಬಲ್ಲಳು ಅಂತಲೇ ನನಗೆ ಗೊತ್ತಿರಲಿಲ್ಲ.

ಕೈ ಹಿಡ್ಕೊಂಡು ನೇರ ನೀರಿಗೇ ಕರ್ಕೊಂಡು ಹೋದಳು, ಚಪ್ಪಲಿ ಬಿಡೋಕೂ ಬಿಡಲಿಲ್ಲ. ಒಂದು ಅಲೆ ಬಂದು ನಾನು ಬಿದ್ದೆ. ಬಾಯಿ ತುಂಬ ಉಪ್ಪು. ಕಾಲ ಕೆಳಗಿನ ಮರಳು ಜಾರಿ ಹೋಗುತ್ತಲ್ಲ, ಆಗ ಎದೆ ಒಂದು ಕ್ಷಣ ನಿಂತ ಹಾಗಾಗುತ್ತೆ. ನಾನು ಕೂಗ್ಕೊಂಡೆ, ಅವ್ವ ನಕ್ಕಳು. ಮತ್ತೆ ಮತ್ತೆ ಹೋದೆವು.

ಜಾಗ ಚೆನ್ನಾಗಿದೆ ಅಂತ ನಿನಗೆ ಸುಳ್ಳು ಹೇಳಲ್ಲ. ಗೋಡೆ ಸುಣ್ಣ ಹಪ್ಪಳದ ಥರ ಎದ್ದಿದೆ. ನಲ್ಲಿ ತಿರುಗಿಸಿದರೆ ಮೊದಲು ತುಕ್ಕಿನ ನೀರು ಬರುತ್ತೆ. ನನ್ನ ಮಂಚದ ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ರು. ಮೊದಲನೇ ರಾತ್ರಿ ಇಲ್ಲಿ ಇರಬೇಕೋ ಭಟ್ಕಳಕ್ಕೆ ಹೋಗಿ ಒಳ್ಳೇ ಲಾಡ್ಜ್ ನೋಡಬೇಕೋ ಅಂತ ನಾನೇ ಯೋಚನೆ ಮಾಡಿದೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದ ಮೇಲೆ ಆ ಯೋಚನೆ ಹೋಯ್ತು.

ಅವ್ವ ಬೀಗ ಹಾಕಿದ್ದ ರೂಮುಗಳನ್ನ ಒಂದೊಂದಾಗಿ ತೆಗೆಸಿ ತೊಳೆಸಿದಾಳೆ. "ಈ ಕಡೆ ಲಾರಿಯವರಿಗೆ ಊಟ, ಆ ಕಡೆ ಸಂಸಾರಸ್ಥರಿಗೆ ರೂಮು, ನಡುವೆ ಒಂದು ತಟ್ಟಿ ಕಟ್ಟಿಸಿಬಿಟ್ಟರೆ ಯಾರ ಗಲಾಟೆ ಯಾರಿಗೂ ಇರಲ್ಲ" ಅಂತ ನಡೆದು ತೋರಿಸಿದಳು. ಹೋದ ವಾರ ಶಿವಮೊಗ್ಗದ ಒಬ್ಬ ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಬಂದವರು ಎರಡು ದಿನ ಹೆಚ್ಚಿಗೆ ಉಳಿದ್ರಂತೆ. ಅದನ್ನ ಎಷ್ಟು ಸಲ ಹೇಳಿದಳೋ.

ಸಂಜೆ ಅವ್ವ ಒಳಗಿದ್ದಾಗ ಹೊಂಬಾಳಮ್ಮ ನನ್ನ ಹತ್ರ ಕರೆದು ಕೇಳಿದ್ರು, "ಅವಳನ್ನ ಕರ್ಕೊಂಡು ಹೋಗೋಕೆ ತಾನೇ ಬಂದಿರೋದು?"

ಹೌದು ಅಂದೆ.

"ಅವಳು ಹೋದರೆ ಇದನ್ನ ಮಾರಿಬಿಡ್ತೀನಿ. ಹುಬ್ಬಳ್ಳಿಯವರೊಬ್ಬರು ಕೇಳ್ತಿದಾರೆ. ಇದ್ದರೆ ಮಾರಲ್ಲ. ಆದರೆ ಇರು ಅಂತ ನಾನು ಅವಳಿಗೆ ಹೇಳಲ್ಲಮ್ಮ. ಬಾ ಅಂತ ನೀನೂ ಹೇಳಬೇಡ. ಅವಳೇ ಹೇಳಲಿ."

ಅವ್ವನಿಗೆ ಬಾ ಅಂತ ನಾನು ಹೇಳಲಿಲ್ಲ. ಹೇಳೋ ಅಗತ್ಯವೂ ಬರಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಸೀರೆ ಮಡಿಸಿ ಬ್ಯಾಗಿಗೆ ತುಂಬ್ತಿದ್ದಳು. "ನಿನ್ನ ಮದುವೆಗಿಂತ ಇದೇನು ದೊಡ್ಡದಾ? ನಡಿ, ಹತ್ತು ಗಂಟೆ ಬಸ್ಸಿದೆ" ಅಂದಳು. ನಗ್ತಾನೇ ಅಂದಳು. ಆದರೆ ಅವಳ ದನಿ ಮತ್ತೆ ಹಿಂದಿನ ಹಾಗೆ ಸಣ್ಣಗಾಗಿತ್ತು ಅಣ್ಣ, ನಮ್ಮ ಮನೆಯಲ್ಲಿದ್ದಾಗ ಇರ್ತಿತ್ತಲ್ಲ, ಹಾಗೆ. ನನ್ನ ಕೈಲಿ ಅದನ್ನ ಕೇಳೋಕಾಗಲಿಲ್ಲ. ಬ್ಯಾಗ್ ಕಿತ್ಕೊಂಡು ಸೀರೆ ಎಲ್ಲ ಮಂಚದ ಮೇಲೆ ಸುರಿದೆ. "ಈಗಲೇ ಬೇಡ. ನಾನು ಹೋಗಿ ಮಾತಾಡ್ತೀನಿ" ಅಂದೆ. ಯಾರ ಹತ್ರ ಏನು ಮಾತಾಡ್ತೀನೋ ನನಗೂ ಗೊತ್ತಿಲ್ಲ.

ನಾನು ಊರಿಗೆ ಬಂದಾಗ ಬೈಯಿ. ಅತ್ತಿಗೆಗೆ ಒಣಮೀನು ತರ್ತಿದೀನಿ.

ನಿನ್ನ ತಂಗಿ
ಮಂಜುಳ


ತುಮಕೂರು
20 ಮೇ 1983

ಅವ್ವಾ,

ಮಾತಾಡಿದೆ. ಮೊದಲು ಚಿಕ್ಕಬೋರಯ್ಯನವರ ಹತ್ರ ಹೋಗೋಣ ಅಂದ್ಕೊಂಡೆ, ಧೈರ್ಯ ಬರಲಿಲ್ಲ. ಶಿಫ್ಟ್ ಬಿಡೋ ಹೊತ್ತಿಗೆ ಬೆಟ್ಟಸ್ವಾಮಿ ಕೆಲಸ ಮಾಡೋ ವರ್ಕ್‌ಶಾಪ್ ಮುಂದೆ ಹೋಗಿ ನಿಂತೆ. ಜೊತೆಯವರೆಲ್ಲ ಸೈಕಲ್ ನಿಲ್ಲಿಸಿ ನೋಡ್ತಿದ್ರು. ಅವರ ಕಿವಿ ಕೆಂಪಾಯ್ತು, ಆದರೂ ಬಂದು "ಟೀ ಕುಡಿಯೋಣ್ವಾ" ಅಂದರು.

ಎಲ್ಲ ಹೇಳಿದೆ, ಬಲೆ ಎಳೆದಿದ್ದು, ಬ್ಯಾಗ್ ಸುರಿದಿದ್ದು, ಎಲ್ಲ. "ನಮ್ಮವ್ವ ಅಲ್ಲೇ ಇದ್ದರೆ ನಿಮಗೇನಾದ್ರೂ ತೊಂದರೆಯಾ?" ಅಂತ ಕೇಳಿದೆ. ಟೀ ಲೋಟ ಕೆಳಗಿಟ್ರು. "ನನಗಿಲ್ಲ. ನಮ್ಮಪ್ಪನಿಗಿದೆ. ಅವರ ಮುಂದೆ ನಿಂತು ಮಾತಾಡಬೇಕು ಅಂದರೆ ನಾನು ಆ ಜಾಗ ಕಣ್ಣಾರೆ ನೋಡಿರಬೇಕು. ನೋಡಿ ಬಂದು ಮಾತಾಡ್ತೀನಿ" ಅಂದರು. ಯಾವಾಗ ಬರ್ತಾರೋ ಗೊತ್ತಿಲ್ಲ. ರಜೆ ಸಿಗೋದು ಕಷ್ಟ.

ವೈಶಾಖದಲ್ಲಿ ಆಗೋದು ತಪ್ಪಿತು. ಮದುವೆ ಮುಂದಕ್ಕೆ ಅಂತ ಗುಬ್ಬಿಯಿಂದ ಹೇಳಿ ಕಳಿಸಿದಾರೆ. ಮುಂದಕ್ಕೆ ಅಂದರೆ ಎಲ್ಲಿಗೆ ಅಂತ ಹೇಳಿಲ್ಲ. ಅಣ್ಣ ನನ್ನ ಜೊತೆ ಮಾತು ಬಿಟ್ಟಿದಾನೆ. ಆದರೆ ಹೋದ ಶನಿವಾರ ಅಮೃತೂರಿನ ಬಸ್ ಕಂಡಕ್ಟರ್ ಕೈಲಿ ಒಂದು ಚೀಲ ಎಳನೀರು ಕಳಿಸಿದ್ದ. ಕಾಗದ ಇರಲಿಲ್ಲ, ಬರೀ ಎಳನೀರು.

ಮಳೆ ಶುರುವಾಯ್ತಾ? ಜಗಲಿ ಸೂರು ಹುಷಾರು.

ಮಂಜುಳ


ಸಾಗರ ವಿಹಾರ
10 ಜುಲೈ 1983

ಮಂಜು,

ಎಲ್ಲರೂ ಕ್ಷೇಮ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಓದೋದು ಅಷ್ಟು ಚೆನ್ನಾಗಿಲ್ಲ.

ನಮ್ಮ ಕಡೆ ಮಳೆ ಬರುತ್ತೆ, ಹೋಗುತ್ತೆ. ಇಲ್ಲಿ ಬಂದು ಕೂತ್ಕೊಳ್ಳುತ್ತೆ. ಸಮುದ್ರ ಬೇಸಿಗೇಲಿ ನೋಡಿದ್ದು ಇದೇನಾ ಅನ್ನಿಸ್ತು. ತೋಪಿನ ಮುಂದಿನ ಸಾಲಿನ ಮರಗಳನ್ನ ಬುಡಸಮೇತ ಎಳ್ಕೊಂಡು ಹೋಯ್ತು. ಹದಿನೈದು ದಿನದ ಹಿಂದೆ ಮಧ್ಯಾಹ್ನ ಲಾರಿಯವರು ಊಟಕ್ಕೆ ಕೂತಿದ್ರು, ಒಂದು ಸಂಸಾರವೂ ಇತ್ತು. ಸಾರು ಬಡಿಸ್ತಿದ್ದೆ. ಮೇಲೆ ಏನೋ ಲಟಕ್ ಅಂತು. ಸೌಟು ಅಲ್ಲೇ ಬಿಸಾಕಿ, "ಎಲ್ಲ ಹಿಂದಕ್ಕೆ ಹೋಗಿ, ತಟ್ಟೆ ಬುಟ್ಟು ಏಳಿ" ಅಂತ ಕೂಗಿದೆ. ನನ್ನ ಗಂಟಲಲ್ಲಿ ಅಷ್ಟು ಶಕ್ತಿ ಇದೆ ಅಂತ ಗೊತ್ತಿರಲಿಲ್ಲ. ಹೊಂಬಾಳಕ್ಕನ್ನ ಕುರ್ಚಿ ಸಮೇತ ಇಬ್ಬರು ಎತ್ತಿದ್ರು. ಎಲ್ಲರೂ ಹಿತ್ತಲು ಸೇರಿದ್ವಿ, ಮುಂದಿನ ಜಗಲಿ ಪೂರ್ತಿ ಕುಸಿದು ಬಿತ್ತು. ಒಬ್ಬರಿಗೂ ಒಂದು ಗೀರು ಆಗಲಿಲ್ಲ.

ಹೊಂಬಾಳಕ್ಕ ಆ ಹೆಂಚಿನ ಗುಡ್ಡೆ ನೋಡ್ತಾ "ಸಾಕು ಗಂಗಮ್ಮ" ಅಂದ್ರು. "ಹುಬ್ಬಳ್ಳಿಯವರಿಗೆ ಕೊಟ್ಟುಬಿಡ್ತೀನಿ. ಕೆಡವಲಿ. ಗುಬ್ಬೀಲಿ ನನ್ನ ತಂಗಿ ಮಗಳಿದಾಳೆ, ಬಾ ಬಾ ಅಂತಿದಾಳೆ. ನೀನು ನಿನ್ನ ಮಗಳ ಮದುವೆ ನೋಡು." ನಾನು ಹೂಂ ಅಂದೆ.

ಅದಾಗಿ ಮೂರನೇ ದಿನವೋ ನಾಲ್ಕನೇ ದಿನವೋ ಅಡವಿಯಪ್ಪನ ಲಾರಿ ಬಂತು. ಮಳೇಲಿ ಕ್ಯಾಬಿನ್ನಿಂದ ಒಬ್ಬ ಹುಡುಗ ಇಳಿದ, ಹೆಗಲ ಮೇಲೆ ಹಗ್ಗ, ಕೈಲಿ ಟೂಲ್ಸ್ ಚೀಲ. ನೋಡಿದರೆ ನಿನ್ನ ಬೆಟ್ಟಸ್ವಾಮಿ. "ಅತ್ತೆ, ಮಂಜುಳ ಕಳಿಸಿದ್ದಲ್ಲ, ನಾನೇ ಬಂದೆ. ಜಗಲಿ ಬಿತ್ತು ಅಂತ ಅಡವಿಯಪ್ಪ ತುಮಕೂರು ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಹೇಳ್ತಿದ್ದ" ಅಂದ. ಅತ್ತೆ ಅಂದ ನೋಡು, ಇನ್ನೂ ಏನೂ ನಿಶ್ಚಯ ಆಗಿಲ್ಲ, ಆಗಲೇ.

ತಲೆ ಒರೆಸ್ಕೊಳ್ಳೋಕೂ ನಿಲ್ಲದೆ ಕಟ್ಟಡ ಪೂರ್ತಿ ಸುತ್ತಿ ನೋಡಿದ. ಗೋಡೆ ತಟ್ಟಿದ, ತೊಲೆಗೆ ಉಳಿ ಚುಚ್ಚಿದ. "ಗೋಡೆ ಗಟ್ಟಿ ಇದೆ. ಜಗಲಿ ಮರಕ್ಕೆ ಹುಳ ಹತ್ತಿತ್ತು, ಅದಕ್ಕೇ ಬಿದ್ದಿದೆ. ಒಳಗಿಂದು ಇನ್ನೂ ಬಾಳಿಕೆ ಬರುತ್ತೆ" ಅಂದ. ಆಮೇಲೆ ಅವನು, ಅಡವಿಯಪ್ಪ, ಊಟಕ್ಕೆ ಬರೋ ಡ್ರೈವರ್‌ಗಳು, ಬಲೆ ಎಳೆಯೋ ಜನ ಎಲ್ಲ ಸೇರ್ಕೊಂಡ್ರು. ಮಳೆ ಬಿಟ್ಟಾಗ ಹತ್ತೋದು, ಹಿಡಿದಾಗ ಇಳಿದು ಕಾಫಿ ಕುಡಿಯೋದು. ನಾನು ಬಡಿಸಿದ್ದೇ ಬಡಿಸಿದ್ದು. ಮಂಜು, ಅಷ್ಟು ಜನ ಒಂದೇ ಮನೆಗೆ ಅಂತ ಕೆಲಸ ಮಾಡಿದ್ದು ನಾನು ನೋಡೇ ಇರಲಿಲ್ಲ. ಯಾರೂ ಕರೆದಿರಲಿಲ್ಲ ಅವರನ್ನ.

ಹೊರಡೋ ದಿನ ಅವನು ಕೇಳಿದ, "ಅತ್ತೆ, ನೀವು ಇಲ್ಲೇ ಇರ್ತೀರಾ?"

"ನಾನಿದ್ದರೆ ನಿಮ್ಮಪ್ಪ ಒಪ್ತಾರೇನಪ್ಪ?" ಅಂದೆ.

"ನಾನು ಅದನ್ನ ಕೇಳಲಿಲ್ಲ" ಅಂದ.

ತಲೆ ಎತ್ತಿ ನೋಡಿದೆ. ಎದುರಿಗೆ ಹೊಸ ಸೂರು. ಇರ್ತೀನಿ ಅಂದೆ. ಈ ಸಲ ಬಾಯಿ ಜಾರಿ ಬಂದಿದ್ದಲ್ಲ. ಹೊಂಬಾಳಕ್ಕ ಕೇಳಿಸ್ಕೊಂಡ್ರು. "ಹಂಗಾದರೆ ಮಾರಲ್ಲ. ಆದರೆ ನಾನಿರಲ್ಲ ಗಂಗಮ್ಮ. ನನ್ನ ಕಾಲು ಇನ್ನು ಈ ಮರಳಲ್ಲಿ ನಡೆಯಲ್ಲ. ನಡೆಸೋದು ನೀನೇ" ಅಂದ್ರು.

ಒಬ್ಬಳೇ ಅಂದಾಗ ಒಂದು ಗಳಿಗೆ ದಿಗಿಲಾಯ್ತು. ಅದರ ಹಿಂದೇನೇ ಒಂದು ಥರ ಸಂತೋಷ, ಹೇಳೋಕೆ ಬರಲ್ಲ.

ಆದರೆ ನಿನ್ನ ಕೇಳದೇ ಇದು ಪೂರ್ತಿ ಆಗಲ್ಲ. ನನ್ನಿಂದ ನಿನ್ನ ಮದುವೆ ನಿಂತರೆ ನಾನಿಲ್ಲಿ ನೆಮ್ಮದಿಯಾಗಿ ಮುದ್ದೆ ಕಟ್ಟಕ್ಕಾಗಲ್ಲ. ಬಾ ಅಂದರೆ ಬರ್ತೀನಿ, ಮುಖ ಊದಿಸ್ಕೊಂಡು ಬರಲ್ಲ. ನಿನ್ನ ಮನಸ್ಸಲ್ಲಿರೋದು ಬರಿ.

ಅವ್ವ


ತುಮಕೂರು
19 ಜುಲೈ 1983

ಅವ್ವಾ,

ಇರು.

ಬೆಟ್ಟಸ್ವಾಮಿ ವಾಪಸ್ ಬಂದು ಅವರಪ್ಪನ ಹತ್ರ ಮಾತಾಡಿದಾರೆ. ಗುಬ್ಬಿಯಿಂದ ಇನ್ನೂ ಉತ್ತರ ಬಂದಿಲ್ಲ. ಬರೋ ತನಕ ಕಾದು ನಿನಗೆ ಬರೆದರೆ ಅದು ಅವರ ಉತ್ತರ ಆಗುತ್ತೆ, ನನ್ನದಾಗಲ್ಲ. ಅದಕ್ಕೇ ಇವತ್ತೇ ಪೋಸ್ಟ್ ಮಾಡ್ತಿದೀನಿ.

ಏನಾಗುತ್ತೋ ಆಗಲಿ. ಪೋಸ್ಟ್ ಡಬ್ಬ ತೆಗೆಯೋದರೊಳಗೆ ಹಾಕಬೇಕು ಅಂತ ಅವಸರದಲ್ಲಿ ಬರೀತಿದೀನಿ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ನನಗೂ ಹೆದರಿಕೆ ಅಲ್ಲ.

ನಿನ್ನ ಮಗಳು
ಮಂಜುಳ


ಅಮೃತೂರು
5 ಜನವರಿ 1984

ಅವ್ವನಿಗೆ,

ರಾಮಾಂಜಿನಯ್ಯ ಬರೀತಿರೋದು. ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ವನಜ ಪಕ್ಕದಲ್ಲಿ ಕೂತು ಬರೀರಿ ಬರೀರಿ ಅಂತಿದಾಳೆ.

ಮದುವೆ ಆಗಿ ತಿಂಗಳಾಯ್ತು. ಮಂಜುಳ, ಬೆಟ್ಟಸ್ವಾಮಿ ತುಮಕೂರಲ್ಲಿ ಮನೆ ಮಾಡಿದಾರೆ. ಹೋದ ಭಾನುವಾರ ನಾನೂ ವನಜನೂ ಹೋಗಿದ್ವಿ. ಇಬ್ಬರೂ ಒಂದೇ ಸೈಕಲ್‌ನಲ್ಲಿ ಅಂತರಸನಹಳ್ಳಿಗೆ ಹೋಗ್ತಾರೆ. ಚೆನ್ನಾಗಿದಾರೆ.

ಗುಬ್ಬಿಯವರು ಹೇಗೆ ಒಪ್ಪಿದ್ರು ಅಂತ ನೀನು ಛತ್ರದಲ್ಲಿ ಕೇಳಿದೆ. ಆಮೇಲೆ ಹೇಳ್ತೀನಿ ಅಂದಿದ್ದೆ. ಹೊಂಬಾಳಮ್ಮನವರು ಗುಬ್ಬಿಗೆ ಬಂದ ಮೇಲೆ ಒಂದು ದಿನ ಚಿಕ್ಕಬೋರಯ್ಯನವರು ನನ್ನ ಕರೆಸಿದ್ರು. ಸಂಬಂಧ ಮುರ್ಕೊಳ್ಳೋಕೇ ಕರೆಸಿರಬೇಕು ಅಂತ ಹೋದೆ. ನಾನು ಕೂತಿದ್ದ ಹಾಗೇ ಆಯಮ್ಮ ಕೋಲು ಊರ್ಕೊಂಡು ಬಾಗಿಲಿಗೆ ಬಂದ್ರು, ತಂಗಿ ಮಗಳು ಕೈ ಹಿಡಿದಿದ್ದಳು. "ನಾನೇ ಆ ಲಾಡ್ಜ್ ಯಜಮಾನಿ. ಈ ಊರಲ್ಲೇ ಹುಟ್ಟಿದೋಳು, ನಿಮ್ಮ ತಂದೆ ನನ್ನ ಎತ್ತಿ ಆಡಿಸಿದೋರು. ಗಂಗಲಕ್ಷ್ಮಮ್ಮನ ಬಗ್ಗೆ ಏನು ಕೇಳಬೇಕೋ ನನ್ನ ಕೇಳಿ ಬೋರಯ್ಯ" ಅಂದ್ರು. ಚಿಕ್ಕಬೋರಯ್ಯನವರು ಎದ್ದು ನಿಂತ್ರು. ಕುರ್ಚಿ ತರಿಸಿದ್ರು, ಕಾಫಿ ತರಿಸಿದ್ರು. ಆಯಮ್ಮ ನಿನ್ನ ವಿಷಯ ಎಲ್ಲ ಹೇಳಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, "ಹುಡುಗನೂ ಇದನ್ನೇ ಹೇಳ್ತಿದಾನೆ. ಕಾರ್ತೀಕದಲ್ಲಿ ಇಟ್ಕೊಳ್ಳೋಣ" ಅಂದ್ರು.

ಆಯಮ್ಮ ಈಗ ಹುಷಾರಾಗಿದಾರೆ. ಗುಬ್ಬಿಯಲ್ಲಿ ಯಾರು ಸಿಕ್ಕಿದರೂ ಸಮುದ್ರದ ಸುದ್ದಿಯೇ ಅಂತೆ. ಅಲ್ಲಿದ್ದಾಗ ಗುಬ್ಬಿ ಸುದ್ದಿ ಅಂತ ಮಂಜುಳ ಹೇಳಿದಳು.

ಇನ್ನೊಂದು. ಮದುವೆ ದಿನ ಕೊತ್ತಗೆರೆ ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಕೇಳಿದ, "ಏನ್ಲಾ ರಾಮಾಂಜಿ, ಇನ್ನು ನಿಮ್ಮವ್ವ ಮನೇಲೇ ತಾನೇ?" ಅಂತ. ನೀನು ದೂರದಲ್ಲಿ ಯಾರಿಗೋ ಪಾಯಸ ಬಡಿಸ್ತಿದ್ದೆ. ನಾನು "ಇಲ್ಲ ದೊಡ್ಡಪ್ಪ, ಮದುವೆಗೆ ಅಂತ ಬಂದವಳೆ. ಅವಳ ಕೆಲಸ ಅಲ್ಲಿದೆ, ಹೋಗ್ತಾಳೆ" ಅಂದೆ. ಹಾಗನ್ನಬೇಕು ಅಂತ ಯೋಚನೆ ಮಾಡಿರಲಿಲ್ಲ, ಬಾಯಿಗೆ ಬಂತು. ಅಂದ ಮೇಲೆ ಎದೆ ಹಗುರಾಯ್ತು. ಅದನ್ನ ನಿನಗೆ ಕುಣಿಗಲ್ ಬಸ್ ಸ್ಟ್ಯಾಂಡಲ್ಲೇ ಹೇಳೋಣ ಅಂತ ನಿಂತಿದ್ದೆ. ಬಸ್ ಹೊರಟುಹೋಯ್ತು.

ರಾಗಿ ಕುಯ್ಲು ಮುಗಿದು ಬಣವೆ ಹಾಕಿದೀವಿ. ಸಂಕ್ರಾಂತಿ ಕಳೀತಿದ್ದ ಹಾಗೇ ಕಣ ಮಾಡಿ ಮುಗಿಸಿ ನಾನೂ ವನಜನೂ ಬರ್ತೀವಿ. ನಿನ್ನ ಕರೆಯೋಕೆ ಬರ್ತಿಲ್ಲ. ನೋಡೋಕೆ ಬರ್ತಿದೀವಿ. ವನಜ ಈಗಿಂದಲೇ ನೀರಿಗೆ ಇಳಿಯೋಕೆ ಯಾವ ಸೀರೆ ಅಂತ ಶುರು ಮಾಡಿದಾಳೆ. ನಾನು ಇಳಿಯಲ್ಲ ಅಂದಿದೀನಿ, ನೋಡೋಣ.

ಹೊಸ ರಾಗಿ ಒಂದು ಮೂಟೆ ತರ್ತೀನಿ. ಹೊನ್ನಾವರದಲ್ಲಿ ಇಳಿದ ಮೇಲೆ ಯಾವ ಬಸ್ಸು ಹತ್ತಬೇಕು, ಮೂಟೆ ಹಾಕ್ಕೋತಾರಾ ಕೇಳಿ ಬರಿ.

ನಿನ್ನ ಮಗ
ರಾಮಾಂಜಿ